ಅಪ್ಪನ ಫೈಲಿನಲ್ಲಿ ಎರಡು ಪದ: ಪರೇಸಿಸ್, ಪ್ಲೀಜಿಯಾ. ಯಾವುದು ಸರಿ?

ಪ್ರಶ್ನೆ (ಮಗಳು, ಚಿತ್ರದುರ್ಗ)

ಅಪ್ಪನಿಗೆ ಹೋದ ತಿಂಗಳು ಸ್ಟ್ರೋಕ್ ಆಯಿತು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಮಾತು ತೊದಲುತ್ತದೆ, ಆದರೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ರೈಟ್ ಹೆಮಿಪರೇಸಿಸ್' ಅಂತ ಇದೆ. ಅದರ ಕೆಳಗೆ 'ಪವರ್: ಕೈ 1/5, ಕಾಲು 3/5'. ಫಿಸಿಯೋಥೆರಪಿ ಫೈಲಿನಲ್ಲಿ ಮಾತ್ರ 'ರೈಟ್ ಹೆಮಿಪ್ಲೀಜಿಯಾ' ಅಂತ ಬರೆದಿದ್ದಾರೆ. ಚಿಕ್ಕಪ್ಪ ಮೊಬೈಲಿನಲ್ಲಿ ಹುಡುಕಿ 'ಪ್ಲೀಜಿಯಾ ಅಂದರೆ ಪೂರ್ತಿ ಹೋಯಿತು ಅಂತ, ಕಾಯಿಲೆ ಜಾಸ್ತಿಯಾಗಿದೆ' ಅಂದುಬಿಟ್ಟರು. ಆವತ್ತಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ನಿಜಕ್ಕೂ ಜಾಸ್ತಿಯಾಗಿದೆಯಾ? ಎರಡು ಪದಕ್ಕೂ ವ್ಯತ್ಯಾಸ ಏನು? ಮನೆಯಲ್ಲಿ ನೋಡಿಕೊಂಡವರು ದಯವಿಟ್ಟು ಹೇಳಿ.

ಉತ್ತರ (ಮಗ, ದಾವಣಗೆರೆ)

ಅಕ್ಕಾ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಬರೆದವರು ಇಬ್ಬರು, ಅದಕ್ಕೇ ಪದ ಎರಡು. ನಮ್ಮ ತಂದೆಯ ಫೈಲಿನಲ್ಲೂ ಹೀಗೇ ಇತ್ತು. ಕೇಳಿದಾಗ ನ್ಯೂರಾಲಜಿಸ್ಟ್ ಹೇಳಿದ್ದು ಇಷ್ಟು: ಪದ ಬಿಡಿ, ಕೆಳಗಿರುವ ಅಂಕಿ ನೋಡಿ. ಹೋದ ಸಲ ಎಷ್ಟಿತ್ತು, ಈ ಸಲ ಎಷ್ಟಿದೆ, ಅಷ್ಟೇ ಲೆಕ್ಕ. ನಿಮ್ಮ ಫಿಸಿಯೋ ಫೈಲಿನಲ್ಲೂ ಪವರ್, ಅಂದರೆ ಸ್ನಾಯುವಿನ ಬಲ, ಐದಕ್ಕೆ ಎಷ್ಟು ಅಂತ ಬರೆದಿರುತ್ತಾರೆ. ಅದೂ 1/5, 3/5 ಅಂತಲೇ ಇದ್ದರೆ ಏನೂ ಜಾಸ್ತಿಯಾಗಿಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು)

ಮೇಲಿನ ಸಲಹೆ ಸರಿಯಾಗಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಗೊಂದಲ ವಾರಕ್ಕೊಬ್ಬರ ಮನೆಯಲ್ಲಾದರೂ ಕಾಣುತ್ತದೆ, ಯಾರೂ ಕೂತು ವಿವರಿಸುವುದಿಲ್ಲ.

ಪರೇಸಿಸ್ ಅಂದರೆ ಬಲ ಕುಂದಿದೆ, ಆದರೆ ಪೂರ್ತಿ ಹೋಗಿಲ್ಲ. ಪ್ಲೀಜಿಯಾ ಅಂದರೆ ಬಲ ಪೂರ್ತಿ ಹೋಗಿದೆ, ಸ್ನಾಯು ಸ್ವಲ್ಪವೂ ಮಿಡಿಯುವುದಿಲ್ಲ. ಪೆರಾಲಿಸಿಸ್ ಅಂದರೂ ಅದೇ. 'ಹೆಮಿ' ಅಂದರೆ ದೇಹದ ಒಂದು ಪಕ್ಕ. 'ಮೋನೋ' ಅಂತ ಇದ್ದರೆ ಒಂದೇ ಕೈ ಅಥವಾ ಒಂದೇ ಕಾಲು, 'ಪ್ಯಾರಾ' ಅಂದರೆ ಎರಡೂ ಕಾಲು, 'ಕ್ವಾಡ್ರಿ' ಅಥವಾ 'ಟೆಟ್ರಾ' ಅಂದರೆ ಕೈಕಾಲು ನಾಲ್ಕೂ. ನಾವು ಪಾರ್ಶ್ವವಾಯು, ಲಕ್ವ, ಪಕ್ಷವಾತ ಅಂತ ಹೇಳುವಾಗ ಸ್ವಲ್ಪ ಕುಂದಿದ್ದಕ್ಕೂ ಪೂರ್ತಿ ಹೋದದ್ದಕ್ಕೂ ಅದೇ ಪದ ಬಳಸುತ್ತೇವೆ. ವೈದ್ಯರ ಪುಸ್ತಕದಲ್ಲಿ ಎರಡನ್ನೂ ಬೇರೆ ಮಾಡಿದ್ದಾರೆ. ಆದರೆ ದಿನದ ಕೆಲಸದಲ್ಲಿ ಅವರೂ ಅಷ್ಟು ಕಟ್ಟುನಿಟ್ಟಾಗಿ ಇರುವುದಿಲ್ಲ. ಫಿಟ್ಸ್ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಒಂದು ಪಕ್ಕ ಬಲ ಇಲ್ಲದ ಸ್ಥಿತಿ ಇದೆಯಲ್ಲ, ಅದನ್ನು ಕೆಲವರು ಟಾಡ್ಸ್ ಪರೇಸಿಸ್ ಅಂತಾರೆ, ಕೆಲವರು ಟಾಡ್ಸ್ ಪೆರಾಲಿಸಿಸ್ ಅಂತಾರೆ. ಎರಡೂ ಒಂದೇ ಸ್ಥಿತಿಯ ಹೆಸರು. ಫಿಸಿಯೋಥೆರಪಿ ವಿಭಾಗಗಳಲ್ಲಿ ಸ್ಟ್ರೋಕ್ ಆದವರನ್ನೆಲ್ಲ 'ಹೆಮಿಪ್ಲೀಜಿಯಾ ಕೇಸ್' ಅನ್ನುವ ರೂಢಿ ತುಂಬ ಹಳೆಯದು. ನಿಮ್ಮ ತಂದೆಯ ಫೈಲಿನಲ್ಲಿ ಆಗಿರುವುದೂ ಬಹುಶಃ ಅದೇ.

ಈಗ ಅಂಕಿಯ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ನರಕ್ಕೆ ಪೆಟ್ಟು ಬಿದ್ದವರನ್ನು ಪರೀಕ್ಷಿಸುವುದಕ್ಕೆ ಅಂತ ಈ ಅಳತೆ ತಂದಿತು. ಇವತ್ತಿಗೂ ಹೆಚ್ಚಿನ ಆಸ್ಪತ್ರೆಗಳಲ್ಲಿ ಅದೇ ನಡೆಯುತ್ತಿದೆ. 0 ಅಂದರೆ ಸ್ನಾಯು ಅಲುಗುವುದೇ ಇಲ್ಲ. 1 ಅಂದರೆ ಸ್ನಾಯುವಿನಲ್ಲಿ ಸಣ್ಣ ಮಿಡಿತ ಇದೆ, ಕೀಲು ಮಾತ್ರ ಅಲುಗುವುದಿಲ್ಲ. 2 ಅಂದರೆ ಕೈಯ ಭಾರ ಮೇಜಿನ ಮೇಲೆ ಬಿಟ್ಟರೆ ಆಚೆ ಈಚೆ ಜರುಗಿಸಬಹುದು, ಎತ್ತಲು ಆಗುವುದಿಲ್ಲ. 3 ಅಂದರೆ ಸ್ವಂತ ಭಾರವನ್ನು ಎತ್ತುವಷ್ಟು ಬಲ. ಇದೇನು ಸಣ್ಣದಲ್ಲ. ಒಂದು ತೋಳಿನ ತೂಕ ದೇಹದ ತೂಕದ ಸುಮಾರು ನೂರಕ್ಕೆ ಐದು ಪಾಲು. ಅರವತ್ತು ಕಿಲೋ ಇರುವವರ ತೋಳು ಮೂರು ಕಿಲೋ ತೂಗುತ್ತದೆ. 4 ಅಂದರೆ ನಾವು ಸ್ವಲ್ಪ ಅದುಮಿ ಹಿಡಿದರೂ ತಡೆಯಬಲ್ಲರು. 5 ಅಂದರೆ ಮಾಮೂಲಿ ಬಲ.

ಕಟ್ಟುನಿಟ್ಟಾಗಿ ನೋಡಿದರೆ 0 ಮಾತ್ರ ಪ್ಲೀಜಿಯಾ. ನಿಮ್ಮ ತಂದೆಯ ಕೈ 1, ಕಾಲು 3. ಎರಡೂ ಪರೇಸಿಸ್. ಕೈಯದು ತೀವ್ರವಾದದ್ದು, ನಿಜ. ನೋಡುವವರ ಕಣ್ಣಿಗೆ 0 ಮತ್ತು 1 ಒಂದೇ ಥರ ಕಾಣುತ್ತದೆ, ಕೈ ಸುಮ್ಮನೆ ಬಿದ್ದಿರುತ್ತದೆ. ಅದಕ್ಕೇ ಚಿಕ್ಕಪ್ಪ ಹಾಗೆ ಅಂದಿರಬೇಕು.

ಒಂದು ಕೆಲಸ ಮಾಡಿ. ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಬಲ ಮುಂಗೈಯನ್ನು ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲೆ ಇರಿಸಿ, ಅಂಗೈ ಮೇಲಕ್ಕೆ ಇರಲಿ. ಮಣಿಕಟ್ಟಿಗೂ ಮೊಣಕೈಗೂ ನಡುವೆ ನಿಮ್ಮ ಎರಡು ಬೆರಳನ್ನು ಮೆತ್ತಗೆ ಇಡಿ. 'ಬೆರಳು ಮಡಿಸಿ ಅಪ್ಪ' ಅನ್ನಿ. ಬೆರಳು ಮಡಿಸಲು ಆಗದಿರಬಹುದು. ಆದರೆ ಚರ್ಮದ ಕೆಳಗೆ ಒಂದು ಎಳೆ ಬಿಗಿದು ಸಡಿಲವಾದದ್ದು ನಿಮ್ಮ ಬೆರಳಿಗೆ ತಿಳಿಯುತ್ತದಾ ನೋಡಿ. ತಿಳಿದರೆ ಮಿದುಳಿನಿಂದ ಆ ಸ್ನಾಯುವಿಗೆ ದಾರಿ ಪೂರ್ತಿ ಮುಚ್ಚಿಲ್ಲ ಅಂತ. ಅಮ್ಮನ ಬೆರಳನ್ನೂ ಅಲ್ಲಿ ಇಡಿಸಿ. ನನ್ನ ಮಾತಿಗಿಂತ ಅದು ಅವರಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಉತ್ತರ (ಮಗ, ಧಾರವಾಡ)

'ಪದ ಬಿಡಿ' ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಅವ್ವನ ಕೈ ನಿಜವಾಗಿಯೂ 0 ಇತ್ತು, ಪ್ಲೀಜಿಯಾ. ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರದು ಪರೇಸಿಸ್. ಇಬ್ಬರಿಗೂ ಮಾಡಿಸುವ ವ್ಯಾಯಾಮ ಬೇರೆ ಬೇರೆ ಇತ್ತು. ಪಕ್ಕದವರ ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ, ಬಲ ಕುಂದಿದ ಕೈಯಲ್ಲೇ ಎಲ್ಲ ಕೆಲಸ ಮಾಡಿಸುತ್ತಿದ್ದರು. ಅವ್ವನಿಗೆ ಅದನ್ನು ಮಾಡಿಸಲಿಲ್ಲ ಅಂತ ನಮಗೆ ಆಗ ಬಹಳ ಸಿಟ್ಟು ಬಂದಿತ್ತು.

ಆಮೇಲೆ ಥೆರಪಿಸ್ಟ್ ವಿವರಿಸಿದರು. ಆ ವಿಧಾನವನ್ನು ಬೆಳೆಸಿದವರು ಅಮೆರಿಕದ ಅಲಬಾಮಾದ ಎಡ್ವರ್ಡ್ ಟೌಬ್ ಅಂತ. ಬಲ ಕುಂದಿದ ಕೈಯನ್ನು ಬಳಸದೇ ಬಿಟ್ಟರೆ, ಬಳಸುವುದನ್ನೇ ಮಿದುಳು ಬಿಟ್ಟುಬಿಡುತ್ತದೆ. ಹಾಗಾಗದಂತೆ ಒಳ್ಳೆಯ ಕೈಯನ್ನು ಕಟ್ಟಿ ಇದನ್ನೇ ದುಡಿಸುವುದು. 2006ರಲ್ಲಿ ಅಮೆರಿಕದಲ್ಲಿ 222 ಜನರ ಮೇಲೆ ದೊಡ್ಡ ಅಧ್ಯಯನ ನಡೆದು ಫಲಿತಾಂಶ ಬಂತು, ಉಪಯೋಗ ಇದೆ ಅಂತ ಕಂಡಿತು. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವಾಗಿ ಮೇಲಕ್ಕೆ ಬರುವವರಿಗೆ ಮಾತ್ರ ಅದು. ಏನೂ ಅಲುಗದ ಕೈಗೆ ಅದನ್ನು ಹಚ್ಚಿದರೆ ಮನುಷ್ಯ ಕಂಗಾಲಾಗುತ್ತಾನೆ ಅಷ್ಟೇ. ಅವ್ವನಿಗೆ ಕನ್ನಡಿ ಇಟ್ಟು ಮಾಡಿಸಿದರು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕೈ ಆಡುವುದನ್ನು ಅದರಲ್ಲಿ ನೋಡುವುದು. ನೋಡುವವರಿಗೆ ಬಿದ್ದ ಕೈಯೇ ಆಡಿದಂತೆ ಕಾಣುತ್ತದೆ.

ಅವ್ವ ಈಗ ನಡೆಯುತ್ತಾಳೆ. ಕೈ ಬರಲಿಲ್ಲ. ಇದನ್ನು ಮುಚ್ಚಿಡಬಾರದು ಅಂತ ಹೇಳುತ್ತಿದ್ದೇನೆ. ಆದರೆ ಅವಳು ಸುಮ್ಮನೆ ಕೂತಿಲ್ಲ. ಪರಾತ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ ಕೊಡುತ್ತೇವೆ, ಒಂದೇ ಕೈಯಲ್ಲಿ ಜೋಳದ ಹಿಟ್ಟು ನಾದುತ್ತಾಳೆ. ರೊಟ್ಟಿ ಬಡಿಯುವುದು ನನ್ನ ಹೆಂಡತಿ. ಹಿಟ್ಟಿನ ಹದ ಮಾತ್ರ ಅವ್ವನದೇ, ಅದರಲ್ಲಿ ಯಾರೂ ಕೈ ಹಾಕುವಂತಿಲ್ಲ.

ಇನ್ನೊಂದು ಮಾತು. ಲಕ್ವಾ ಅಂತ ಗೊತ್ತಾದ ಕೂಡಲೇ ಪಾರಿವಾಳದ ರಕ್ತ ಹಚ್ಚಿ, ಆ ಊರಿಗೆ ಹೋಗಿ ಈ ಊರಿಗೆ ಹೋಗಿ ಅಂತ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೊದಲ ಮೂರು ತಿಂಗಳು ಬಹಳ ಬೆಲೆಯುಳ್ಳದ್ದು, ಚೇತರಿಕೆ ಜೋರಾಗಿ ಆಗುವುದು ಆವಾಗಲೇ. ಆ ಸಮಯವನ್ನು ಅಲೆದಾಟದಲ್ಲಿ ಕಳೆಯಬೇಡಿ.

ಉತ್ತರ (ಸೊಸೆ, ಶಿರಸಿ)

ನಮ್ಮ ಅತ್ತೆಯದು ಇದಕ್ಕೆ ಉಲ್ಟಾ. ಪಕ್ಕ ಎಡ, ಪವರ್ 4/5, ಪದ ಪರೇಸಿಸ್. ಅಂಕಿ ನೋಡಿದರೆ ಏನೂ ಆಗೇ ಇಲ್ಲ ಅನ್ನಬೇಕು. ಆದರೂ ಎಡಗೈ ಬಳಸುತ್ತಲೇ ಇರಲಿಲ್ಲ. ಸೋಮಾರಿತನ ಅಂತ ಮನೆಯಲ್ಲಿ ಮಾತಾಯಿತು, ಕೇಳಿ ಬಹಳ ನೋವಾಯಿತು.

ಗೊತ್ತಾದದ್ದು ಒಂದು ಹಬ್ಬದ ಊಟದಲ್ಲಿ. ಬಾಳೆ ಎಲೆಯ ಬಲ ಅರ್ಧ ಚೊಕ್ಕವಾಗಿ ಖಾಲಿ. ಎಡ ತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಕಿದ ಹಾಗೇ ಇದೆ. ಅವರಿಗೆ ಕೋಸಂಬರಿ ಅಂದರೆ ಪ್ರಾಣ. 'ಕೋಸಂಬರಿ ಬಡಿಸಲೇ ಇಲ್ಲ' ಅಂತ ನನ್ನನ್ನೇ ಕೇಳಿದರು. ಎಲೆಯನ್ನು ಸ್ವಲ್ಪ ಬಲಕ್ಕೆ ಸರಿಸಿದೆ, ಕೂಡಲೇ ತಿಂದರು.

ಡಾಕ್ಟರಿಗೆ ಹೇಳಿದಾಗ ಇದಕ್ಕೆ ನೆಗ್ಲೆಕ್ಟ್ ಅಂತಾರೆ ಅಂದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಜಾಸ್ತಿ. ಕಣ್ಣು ಸರಿ ಇರುತ್ತದೆ, ಕೈಯಲ್ಲಿ ಬಲವೂ ಇರುತ್ತದೆ, ಎಡಪಕ್ಕ ಅನ್ನುವುದೊಂದು ಇದೆ ಅಂತಲೇ ಮಿದುಳಿನ ಗಮನಕ್ಕೆ ಬರುವುದಿಲ್ಲ. ಆಮೇಲೆ ನಾವು ಅವರ ಎಡಗಡೆ ಕೂತು ಮಾತಾಡಲು ಶುರು ಮಾಡಿದೆವು. ಎಡ ಮಣಿಕಟ್ಟಿಗೆ ಕೆಂಪು ಬಳೆ ಹಾಕಿದೆವು. ಊಟಕ್ಕೆ ಮೊದಲು 'ಬಳೆ ಎಲ್ಲಿದೆ ನೋಡಿ' ಅಂದರೆ ಕಣ್ಣು ಆ ಕಡೆ ಹೋಗುತ್ತದೆ.

ನಿಮ್ಮ ತಂದೆಯದು ಬಲಪಕ್ಕ, ಹೀಗೆ ಆಗಿರುವ ಸಾಧ್ಯತೆ ಕಡಿಮೆ. ಆದರೆ ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ. ಬಲ ಇಲ್ಲದಿರುವುದು ಒಂದು, ಬಲ ಇದ್ದೂ ಕೆಲಸಕ್ಕೆ ಬಾರದಿರುವುದು ಇನ್ನೊಂದು. ಜೋಮು, ಅಂದರೆ ಸ್ಪರ್ಶ ತಿಳಿಯದಿರುವುದು, ಮತ್ತೊಂದು. ಡಾಕ್ಟರ ಹತ್ತಿರ ಮೂರನ್ನೂ 'ಕೈ ಬರ್ತಿಲ್ಲ' ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಏನು ಮಾಡಲು ಹೋಗಿ ಏನಾಯಿತು ಅಂತ ಹೇಳಿದರೆ ಅವರಿಗೂ ಸುಲಭ.

ಉತ್ತರ (ಶಾಲಾ ಶಿಕ್ಷಕಿ, ಶಿವಮೊಗ್ಗ)

ನನ್ನದು ಸ್ಟ್ರೋಕ್ ಅಲ್ಲ. ಥೈರಾಯ್ಡ್ ಆಪರೇಷನ್ ಆದ ಮೇಲೆ ಧ್ವನಿ ಒಡೆದುಹೋಯಿತು. ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿ 'ವೋಕಲ್ ಕಾರ್ಡ್ ಪರೇಸಿಸ್' ಅಂತ ಬರೆದರು. ಅಲ್ಲಿಯೂ ಇದೇ ವ್ಯತ್ಯಾಸ: ಧ್ವನಿತಂತು ಸ್ವಲ್ಪ ಅಲುಗಿದರೆ ಪರೇಸಿಸ್, ಅಲುಗದೇ ಇದ್ದರೆ ಪೆರಾಲಿಸಿಸ್. ಧ್ವನಿತಂತಿಗೆ ಹೋಗುವ ನರ ಥೈರಾಯ್ಡಿನ ಬೆನ್ನಿಗೇ ಹಾದುಹೋಗುತ್ತದಂತೆ. ನರ ಕಡಿದಿಲ್ಲ, ಬರೀ ಎಳೆದಂತಾಗಿದೆ ಅಂದರೆ ತಿಂಗಳುಗಳಲ್ಲಿ ತಾನಾಗಿ ಸುಧಾರಿಸುವುದು ಹೆಚ್ಚು ಅಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ವ್ಯಾಯಾಮ ಕಲಿಸಿದರು. ಈಗ ತರಗತಿ ತೆಗೆದುಕೊಳ್ಳುತ್ತೇನೆ, ಜೋರಾಗಿ ಕೂಗಲು ಮಾತ್ರ ಆಗುವುದಿಲ್ಲ.

ನಿಮ್ಮ ತಂದೆಯ ಮಾತಿಗೂ ಅಂಥ ಕಡೆ ತೋರಿಸಿ. ಮಾತು ತೊದಲುವುದು ಬೇರೆ, ಪದವೇ ನೆನಪಿಗೆ ಬಾರದಿರುವುದು ಬೇರೆ. ಎರಡಕ್ಕೂ ಕಲಿಸುವ ರೀತಿ ಬೇರೆ.

ಪ್ರಶ್ನೆ ಕೇಳಿದವರು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಮೈಸೂರಿನವರು ಹೇಳಿದ ಹಾಗೆ ಬೆರಳಿಟ್ಟು ನೋಡಿದೆವು. ಮೊದಲು ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅಪ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ನೋಡಿದಾಗ ಅಮ್ಮನಿಗೆ ತಿಳಿಯಿತು. ಫಿಸಿಯೋ ಫೈಲಿನಲ್ಲೂ 1/5, 3/5 ಅಂತಲೇ ಇದೆ. ಚಿಕ್ಕಪ್ಪನಿಗೂ ತೋರಿಸಿದೆ.

ಇನ್ನೊಂದು ಕೇಳಬೇಕಿತ್ತು. ಹಾಸಿಗೆಯಿಂದ ಏಳಿಸುವಾಗ ಅಪ್ಪನಿಗೆ ಬಲ ಭುಜ ನೋಯುತ್ತದೆ. ಬೆರಳು ಇತ್ತೀಚೆಗೆ ಒಳಕ್ಕೆ ಮಡಚಿಕೊಳ್ಳಲು ಶುರುವಾಗಿದೆ. ಅದು ಬಲ ಬರುತ್ತಿರುವ ಲಕ್ಷಣವಾ?

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು)

ಭುಜದ ವಿಷಯ ಮೊದಲು, ಇದು ಇವತ್ತೇ ಸರಿಯಾಗಬೇಕು. ಏಳಿಸುವಾಗ ಬಲಗೈ ಹಿಡಿದು ಎಳೆಯುತ್ತಿದ್ದರೆ ನಿಲ್ಲಿಸಿ. ಕಂಕುಳಿಗೆ ಕೈ ಕೊಟ್ಟು ಎತ್ತುವುದೂ ಬೇಡ. ಭುಜದ ಕೀಲನ್ನು ಜಾಗದಲ್ಲಿ ಹಿಡಿದಿಡುವುದು ಮುಖ್ಯವಾಗಿ ಸ್ನಾಯುಗಳೇ. ಅವು ಸಡಿಲವಾದಾಗ ಮೂರು ಕಿಲೋ ತೋಳು ಇಡೀ ದಿನ ಕೆಳಕ್ಕೆ ಜಗ್ಗುತ್ತಿರುತ್ತದೆ, ಕೀಲು ಜಾರುತ್ತದೆ. ಅದರ ಮೇಲೆ ನಾವೂ ಎಳೆದರೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಬೆನ್ನಿನ ಹಿಂದೆ ಭುಜದ ಹಲಗೆಗೆ ಕೈ ಕೊಟ್ಟು ಕೂರಿಸಿ. ಕೂತಾಗ ತೋಳಿನ ಕೆಳಗೆ ದಿಂಬು ಇರಲೇಬೇಕು. ಅಂಗಿ ಹಾಕುವಾಗ ಬಲಗೈ ಮೊದಲು, ತೆಗೆಯುವಾಗ ಬಲಗೈ ಕೊನೆಗೆ. ಮಾಡುವ ಕ್ರಮವನ್ನು ನಿಮ್ಮ ಫಿಸಿಯೋ ಹತ್ತಿರ ಒಂದು ಸಲ ಎದುರಿಗೇ ಮಾಡಿಸಿ ನೋಡಿಕೊಳ್ಳಿ.

ಬೆರಳು ಮಡಚಿಕೊಳ್ಳುವುದು ಬಲ ಅಲ್ಲ. ಅದು ಬಿಗಿತ, ನಾವು ಟೋನ್ ಅಂತೀವಿ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಕೈ ಜೋತು ಬೀಳುತ್ತದೆ. ಆಮೇಲೆ ನಿಧಾನವಾಗಿ ಬಿಗಿಯಲು ಶುರುವಾಗುತ್ತದೆ, ಮುಷ್ಟಿ ಕಟ್ಟುತ್ತದೆ, ಮೊಣಕೈ ಮಡಚಿ ಬಿಗಿಯುತ್ತದೆ. ಮನೆಯವರು ಬಲ ಬಂತು ಅಂತ ಖುಷಿಪಟ್ಟು ಸ್ಪಂಜಿನ ಚೆಂಡು ಕೊಟ್ಟು ಹಿಸುಕಿಸುತ್ತಾರೆ. ಮುಷ್ಟಿ ಕಟ್ಟುವುದು ಈ ಕೈಗೆ ಸುಲಭ, ಬಿಚ್ಚುವುದೇ ಕಷ್ಟ. ಅಭ್ಯಾಸ ಬೇಕಿರುವುದು ಬಿಚ್ಚುವುದಕ್ಕೆ. ಚೆಂಡು ಕೊಡುವ ಮೊದಲು ಕೇಳಿ. ಬಿಗಿತ ಜಾಸ್ತಿಯಾದರೆ ಸ್ಪ್ಲಿಂಟ್ (ಕೈಯನ್ನು ಬಿಚ್ಚಿ ಹಿಡಿದಿಡುವ ಪಟ್ಟಿ), ಮಾತ್ರೆ, ಕೆಲವರಿಗೆ ಇಂಜೆಕ್ಷನ್ ಕೂಡ ಇದೆ.

ಅಂಕಿಯ ಜೊತೆಗೆ ಇನ್ನೊಂದು ಅಳತೆಯನ್ನೂ ಕೇಳಿ ಬರೆಸಿಕೊಳ್ಳಿ: ಬಾರ್ಥೆಲ್ ಇಂಡೆಕ್ಸ್. 1965ರಿಂದ ಬಳಕೆಯಲ್ಲಿದೆ, ನೂರು ಅಂಕದ್ದು. ತಾನೇ ಉಣ್ಣುತ್ತಾರಾ, ಸ್ನಾನ ಮಾಡುತ್ತಾರಾ, ಬಟ್ಟೆ ಹಾಕಿಕೊಳ್ಳುತ್ತಾರಾ, ಮಂಚದಿಂದ ಕುರ್ಚಿಗೆ ಬರುತ್ತಾರಾ, ಮೆಟ್ಟಿಲು ಹತ್ತುತ್ತಾರಾ, ಹೀಗೆ ಹತ್ತು ವಿಷಯ. ಕೈಯ ಪವರ್ 1ರಲ್ಲೇ ನಿಂತಿದ್ದರೂ ಇದರಲ್ಲಿ ಅಂಕ ಏರುತ್ತಾ ಹೋಗಬಹುದು. ಧಾರವಾಡದವರ ಅವ್ವ ಅದಕ್ಕೆ ಸಾಕ್ಷಿ. ಸಾಮಾನ್ಯವಾಗಿ ಕಾಲು ಮೊದಲು ಸುಧಾರಿಸುತ್ತದೆ, ಕೈ ಆಮೇಲೆ, ಬೆರಳು ಎಲ್ಲಕ್ಕಿಂತ ಕೊನೆಗೆ. ಆರು ತಿಂಗಳಾದ ಮೇಲೆ ವೇಗ ಕಡಿಮೆಯಾಗುತ್ತದೆ, ನಿಂತೇಹೋಗುತ್ತದೆ ಅಂತಲ್ಲ.

ಉತ್ತರ (ನರ್ಸ್, ಬೆಂಗಳೂರು)

ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಂಕಿ ನಿಧಾನವಾಗಿ ಏರುವುದು ಸಹಜ. ಇದ್ದಕ್ಕಿದ್ದಂತೆ ಇಳಿದರೆ ಮಾತ್ರ ಯಾವ ಪದ ಅಂತ ಯೋಚಿಸುತ್ತ ಕೂರಬೇಡಿ. ನಿನ್ನೆ ಎತ್ತುತ್ತಿದ್ದ ಕಾಲು ಇವತ್ತು ಬೆಳಿಗ್ಗೆ ಎತ್ತಲು ಆಗುತ್ತಿಲ್ಲ, ಬಾಯಿ ಹೊಸದಾಗಿ ಸೊಟ್ಟಗಾಗಿದೆ, ಮಾತು ಇನ್ನೂ ಕೆಟ್ಟಿದೆ ಅಂದರೆ ಕೂಡಲೇ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅದು ಎಲ್ಲರಿಗೂ ಹೊಂದುವುದಿಲ್ಲ, ಅದನ್ನು ಡಾಕ್ಟರೇ ನಿರ್ಧರಿಸಬೇಕು. ಹತ್ತು ನಿಮಿಷದಲ್ಲಿ ತಾನಾಗೇ ಸರಿಹೋಯಿತು ಅಂದರೂ ಹೋಗಲೇಬೇಕು, ದೊಡ್ಡ ಸ್ಟ್ರೋಕ್ ಬರುವ ಮುಂಚಿನ ಸೂಚನೆ ಹೀಗೇ ಇರುತ್ತದೆ.

ಬಾಯಿ ಸೊಟ್ಟಗಾದದ್ದೆಲ್ಲ ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ ಅಂತ ಮುಖದ ನರದ್ದೇ ಇನ್ನೊಂದಿದೆ. ಅದರಲ್ಲಿ ಆ ಪಕ್ಕದ ಹಣೆಯೂ ಸುಕ್ಕುಗಟ್ಟುವುದಿಲ್ಲ, ಕಣ್ಣು ಮುಚ್ಚಲು ಆಗುವುದಿಲ್ಲ. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ. ಆದರೆ ಇದನ್ನು ಮನೆಯಲ್ಲಿ ತೀರ್ಮಾನಿಸುವುದು ಬೇಡ.

ಮತ್ತೆ ನೀರು ಕುಡಿಸುವಾಗ ಕೆಮ್ಮು ಬರುತ್ತಿದೆಯಾ ಅಂತ ಗಮನಿಸಿ. ಗಂಟಲಿನ ಸ್ನಾಯುವೂ ಬಲ ಕಳೆದುಕೊಂಡಿರಬಹುದು, ಕೈಕಾಲಿನ ಪವರ್ ಅಂಕಿಯಲ್ಲಿ ಅದು ಗೊತ್ತಾಗುವುದಿಲ್ಲ. ಕೆಮ್ಮು ಬರುತ್ತಿದ್ದರೆ ಹೇಗೆ ಉಣಿಸಬೇಕು, ಎಷ್ಟು ಮಂದ ಮಾಡಿ ಕೊಡಬೇಕು ಅಂತ ಥೆರಪಿಸ್ಟ್ ಹೇಳುತ್ತಾರೆ. ಅಲ್ಲಿಯವರೆಗೆ ಮಲಗಿಸಿಕೊಂಡು ಏನೂ ಕುಡಿಸಬೇಡಿ.

ಉತ್ತರ (ಮಗ, ದಾವಣಗೆರೆ)

ಅಕ್ಕಾ, ಮುಂದೆ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ. ಸ್ವಲ್ಪ ತಿಂಗಳು ಕಳೆದು ಸ್ಥಿತಿ ಒಂದು ಹಂತಕ್ಕೆ ಬಂದ ಮೇಲೆ ಅಂಗವಿಕಲತೆಯ ಪ್ರಮಾಣಪತ್ರಕ್ಕೆ, ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಬಹುದು. 2016ರ ಕಾಯಿದೆ ಪ್ರಕಾರ ಹೆಚ್ಚಿನ ಸೌಲಭ್ಯಗಳಿಗೆ ಅಂಗವಿಕಲತೆ ನೂರಕ್ಕೆ ನಲವತ್ತು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಫೈಲಿನಲ್ಲಿ ಪರೇಸಿಸ್ ಅಂತ ಬರೆದಿದೆ, ಪ್ಲೀಜಿಯಾ ಅಲ್ಲ, ಹಾಗಾಗಿ ಸಿಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ತಂದೆಯದು ಪರೇಸಿಸ್ ಅಂತಲೇ ಇತ್ತು, ಸಿಕ್ಕಿದೆ. ವೈದ್ಯರು ಎದುರಿಗೆ ಪರೀಕ್ಷೆ ಮಾಡಿ ಶೇಕಡಾ ಲೆಕ್ಕ ಹಾಕುತ್ತಾರೆ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಫಿಸಿಯೋ ಫೈಲ್ ಮೂರನ್ನೂ ಜೆರಾಕ್ಸ್ ಮಾಡಿಸಿ ಒಂದೇ ಕಡೆ ಇಟ್ಟಿರಿ. ಫಿಸಿಯೋಗೆ ಪ್ರತಿ ತಿಂಗಳು ಪವರ್, ಬಾರ್ಥೆಲ್ ಎರಡನ್ನೂ ತಾರೀಖು ಹಾಕಿ ಬರೆದುಕೊಡಲು ಹೇಳಿ. ಕೇಳಿದರೆ ಬರೆದುಕೊಡುತ್ತಾರೆ.